ಕೇಳುವವರು ಎದ್ದು ಹೋಗಬಹುದು

ವಿಜಯಪುರದ ಗಾಂಧಿ ಚೌಕದಲ್ಲಿ ಗುರುತು ಪರಿಚಯ ಇಲ್ಲದವರ ಮುಂದೆ ಯೇಸುವಿನ ಮಾತು ತೆಗೆದರೆ ಜನ ಮೊದಲು ಕೇಳುವುದು ಪಗಾರದ ಪ್ರಶ್ನೆ. "ಅಕ್ಕೋರ, ಇದಕ್ಕ ನಿಮಗ ತಿಂಗಳಿಗೆ ಎಷ್ಟ್ ಕೊಡ್ತಾರ್ರಿ?" ಈ ಮಾತಿನಲ್ಲಿ ಕುಹಕ ಇರುವುದು ಅಪರೂಪ, ಅವರಿಗೆ ನಿಜವಾಗಿಯೂ ಲೆಕ್ಕ ಬೇಕಾಗಿರುತ್ತದೆ. ನನಗೆ ಬರುವುದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದಕ್ಕೆ ಸಿಗುವ ಪೆನ್ಶನ್ ಮಾತ್ರ ಎಂದರೆ ಕೆಲವರು ನಂಬುತ್ತಾರೆ, ಕೆಲವರು ನಕ್ಕು ಮುಂದೆ ಹೋಗುತ್ತಾರೆ. ಸುವಾರ್ತೆ ಸಾರುವವರ ಬಗ್ಗೆ ನಮ್ಮ ಕಡೆ ಇರುವ ಅನುಮಾನಗಳಲ್ಲಿ ಇದೇ ಹಳೆಯದು. ಅದು ಸುಮ್ಮನೆ ಹುಟ್ಟಿದ್ದಲ್ಲ.

ನಮ್ಮ ಮನೆತನ ಗುಳೇದಗುಡ್ಡದ ನೇಕಾರರದು. ಖಣ ನೇಯುವ ಆ ಊರಿಗೆ ಬಾಸೆಲ್ ಮಿಶನ್ನಿನವರು 1851ರಲ್ಲಿ ಬಂದರು. ಅದಕ್ಕೂ ಮೊದಲೇ, 1834ರಲ್ಲಿ ಮಂಗಳೂರಿಗೆ ಇಳಿದು, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಗದಗ-ಬೆಟಗೇರಿ ಮುಟ್ಟಿದ್ದರು. ಆಗ ಬಿಜಾಪುರ ಎನ್ನುತ್ತಿದ್ದ ಈ ವಿಜಯಪುರದಲ್ಲಿ ಠಾಣೆ ಹಾಕಿದ್ದು 1885ರಲ್ಲಿ, ಜಿಲ್ಲೆಯ ಕಚೇರಿಗಳೆಲ್ಲ ಕಲಾದಗಿಯಿಂದ ಇಲ್ಲಿಗೆ ಬಂದು ಸೇರುತ್ತಿದ್ದ ಕಾಲದಲ್ಲಿ. ಸಂತೆ, ಜಾತ್ರೆ, ಪೇಟೆಯ ಮೂಲೆಗಳಲ್ಲಿ ನಿಂತು ಪ್ರಸಂಗ ಮಾಡುವುದು ಅವರ ದಿನಚರಿ. ಕೇಳಲು ಜನ ಸೇರುತ್ತಿದ್ದರು, ಬಿಳಿ ಮನುಷ್ಯ ಕನ್ನಡ ಮಾತಾಡುವುದನ್ನು ನೋಡುವುದೇ ಒಂದು ಆಟ. ಸಭೆಗೆ ಸೇರಿದವರು ಮಾತ್ರ ಕಡಿಮೆ. ಒಂದೂಮುಕ್ಕಾಲು ಶತಮಾನದ ಮೇಲೆ ಇವತ್ತಿಗೂ ವಿಜಯಪುರ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಅರ್ಧದಷ್ಟೂ ಇಲ್ಲ. ಬೀದಿಯಲ್ಲಿ ನಿಂತು ಮಾತಾಡಿದರೆ ಊರಿಗೆ ಊರೇ ಮತಾಂತರವಾಗುತ್ತದೆ ಎಂದು ಹೆದರುವವರೂ ಹಾಗೇ ಆಗಲಿ ಎಂದು ಆಸೆಪಡುವ ನಮ್ಮವರೂ ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಗದಗದ ಹತ್ತಿರ ಮಲಸಮುದ್ರ ಎಂಬ ಜಾಗ ಇದೆ. ಆ ಕಾಲದಲ್ಲಿ ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಕೆಲವರು ಮಿಶನರಿಗಳನ್ನು ಹುಡುಕಿಕೊಂಡು ಬಂದರು. ಪಡುವಣದಿಂದ ಗುರುಗಳು ಬರುತ್ತಾರೆಂದು ತಮ್ಮ ಗ್ರಂಥದಲ್ಲಿ ಇದೆ, ಅವರು ನೀವೇ ಇರಬೇಕು ಎಂಬುದು ಅವರ ಎಣಿಕೆ. ಮಿಶನರಿಗಳು ಹಿಗ್ಗಿ, ಇವರಿಗಾಗಿಯೇ ಮಲಸಮುದ್ರದಲ್ಲಿ ಒಕ್ಕಲುತನದ ವಸತಿ ಎಬ್ಬಿಸಿದರು. ಅದು ನಿಲ್ಲಲಿಲ್ಲ. ಮಿಶನರಿಗಳು ಹೇಳಿದ್ದೊಂದು, ಬಂದವರು ಕೇಳಿಸಿಕೊಂಡದ್ದು ಇನ್ನೊಂದು. ಇವತ್ತಿನ ಕರಪತ್ರ ಬರೆಯುವವರಿಗೂ ಈ ಪಾಠ ಬೇಕು.

ಅದೇ ಮಿಶನರಿಗಳು ನಿಧಾನಕ್ಕೆ ಮಾಡಿದ ಕೆಲಸ ಉಳಿಯಿತು. ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಎಂದು ನಾವು ಇವತ್ತಿಗೂ ಅದೇ ದಿನ ಪತ್ರಿಕಾ ದಿನ ಆಚರಿಸುತ್ತೇವೆ. ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಕಟ್ಟಿದರು, 1894ರಲ್ಲಿ ನಿಘಂಟು ಕೊಟ್ಟರು. ಸಾರಲು ಬಂದವರು ಮೊದಲು ಕಲಿಯಬೇಕಾಯಿತು, ಕಲಿತದ್ದು ಎಲ್ಲರಿಗೂ ಸೇರಿತು.

ಇನ್ನು ಪಗಾರದ ಪ್ರಶ್ನೆ. 1876ರಿಂದ 78ರವರೆಗಿನ ಬರ ಈ ಜಿಲ್ಲೆಯನ್ನು ಹಿಂಡಿಹಾಕಿತು. ಹಸಿದು ಸತ್ತವರ ಮಕ್ಕಳನ್ನು ಮಿಶನ್ನಿನವರು ಸಾಕಿದರು, ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಸಾಕಿದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ರೊಟ್ಟಿ ಕೊಟ್ಟ ಕೈಯೇ ಧರ್ಮವನ್ನೂ ಕೊಟ್ಟಾಗ, ತೆಗೆದುಕೊಂಡವರಿಗೆ ಬೇಡ ಎನ್ನುವ ದಾರಿ ಇತ್ತೇ? ಈ ಪ್ರಶ್ನೆಗೆ ನಮ್ಮ ಸಭೆಗಳು ನೆಟ್ಟಗೆ ಉತ್ತರ ಕೊಟ್ಟಿಲ್ಲ, ಅದಕ್ಕೇ ಅದು ಚೌಕದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ನಾನು ಈ ಕೆಲಸಕ್ಕೆ ಇಟ್ಟುಕೊಂಡ ಅಳತೆ ಒಂದೇ: ಕೇಳುವವರು ಎದ್ದು ಹೋಗಲು ಸಾಧ್ಯವಿರಬೇಕು. ಸಾಧ್ಯವಿಲ್ಲದ ಕಡೆ ಬಾಯಿ ತೆರೆಯಬಾರದು. ಕ್ಲಾಸಿನಲ್ಲಿ ಇಷ್ಟು ವರ್ಷ ಪಾಠ ಮಾಡಿದೆ, ಅಲ್ಲಿ ಒಂದು ದಿನವೂ ಈ ಮಾತು ತೆಗೆಯಲಿಲ್ಲ. ಆಸ್ಪತ್ರೆಯ ಕಾಟಿನ ಪಕ್ಕದಲ್ಲಿ ರೋಗಿ ತಾನಾಗಿ ಕರೆಯದೆ ಪ್ರಾರ್ಥನೆ ಮಾಡುವುದಿಲ್ಲ.

ತಿಕೋಟಾದ ಕಡೆ ಒಣದ್ರಾಕ್ಷಿಯ ಶೆಡ್ಡುಗಳಿವೆ. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಜಾಳಿಗೆಯ ಅಟ್ಟಗಳ ಮೇಲೆ ಹರವಿ ಒಣಗಿಸುತ್ತಾರೆ. ಆಮೇಲೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಡ್ಡಿ ಬಿಡಿಸಿ, ಬಣ್ಣ ನೋಡಿ ಬೇರೆ ಮಾಡುತ್ತಾರೆ. ಒಬ್ಬ ಮಾಲೀಕರು, ನನ್ನ ಹಳೆಯ ವಿದ್ಯಾರ್ಥಿಯ ತಂದೆ, ಬಾಗಿಲಲ್ಲೇ ಕರೆದರು: "ಒಳಗ ಬರ್ರಿ ಅಕ್ಕೋರ, ಇವರಿಗೂ ನಾಕ್ ಒಳ್ಳೆ ಮಾತ್ ಹೇಳ್ರಿ, ಕೆಲಸಾ ಮಾಡಕೋತ ಕೇಳ್ತಾರ." ಅವರು ಕ್ರೈಸ್ತರಲ್ಲ, ನನ್ನ ಮೇಲಿನ ಪ್ರೀತಿಗೆ ಕರೆದರು. ಚಹಾ ಕುಡಿದು ಬಂದೆ, ಮಾತಾಡಲಿಲ್ಲ. ದಿನಗೂಲಿಗೆ ಕುಳಿತವಳು ಮಾಲೀಕ ಕರೆತಂದ ಹೆಂಗಸಿನ ಮಾತು ಬೇಡ ಎಂದು ಏಳುತ್ತಾಳೆಯೇ?

ಸಂತೆಯ ಸಂಗತಿ ಬೇರೆ. ಅಲ್ಲಿ ಬೇಸರವಾದವರು ಮುಖ ತಿರುಗಿಸಿ ಗಿರಾಕಿಯನ್ನು ಕೂಗುತ್ತಾರೆ. ತಿಕೋಟಾ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಹಿರಿಯಾಕೆಯೊಬ್ಬರು, "ಏನ್ ಪೇಪರ್ ರೀ ಅದು, ಓದಿ ಹೇಳ್ರಿ, ನನಗ ಅಕ್ಷರ ಬರಂಗಿಲ್ಲ" ಎಂದು ಪಕ್ಕದಲ್ಲಿ ಚೀಲ ಹಾಸಿದರು. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕತೆ ಹೇಳಿದೆ: ಹತ್ತು ನಾಣ್ಯ ಇದ್ದ ಹೆಂಗಸು ಒಂದನ್ನು ಕಳೆದುಕೊಂಡು, ದೀಪ ಹಚ್ಚಿ, ಕಸ ಹೊಡೆದು ಹುಡುಕುತ್ತಾಳೆ, ಸಿಕ್ಕಿದಾಗ ನೆರೆಹೊರೆಯವರನ್ನೆಲ್ಲ ಕರೆದು ಸಂತೋಷಪಡುತ್ತಾಳೆ. ಅವರು ತಕ್ಕಡಿ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ, "ಅಲ್ರಿ ಅಕ್ಕೋರ, ಓಣಿ ಮಂದಿನ್ನೆಲ್ಲಾ ಕರದು ಚಾ-ಪಾನಿ ಮಾಡಿದ್ರ ಸಿಕ್ಕಿದ್ದಕ್ಕಿಂತ ಖರ್ಚೇ ಜಾಸ್ತಿ ಆತಲ್ಲ! ಲುಕ್ಸಾನಿನ ಯವಹಾರ ಆತು" ಎಂದರು. ಎಷ್ಟೋ ಪಾಸ್ಟರುಗಳ ಪ್ರಸಂಗ ಕೇಳಿದ್ದೇನೆ, ಯಾರೂ ಈ ಲೆಕ್ಕ ತೆಗೆದಿರಲಿಲ್ಲ. ಆ ಕತೆಯಲ್ಲಿ ದೇವರು ಮಾಡುವುದೇ ಲುಕ್ಸಾನಿನ ವ್ಯವಹಾರ ಎಂದೆ. "ಹಂಗಾರ ಚಲೋ ದೇವ್ರ ಬಿಡ್ರಿ" ಎಂದು ನಕ್ಕು, ಬಂದ ಗಿರಾಕಿಗೆ ಎರಡು ಕಿಲೋ ತೂಗಿದರು. ಅಷ್ಟೇ. ಅವರ ಹೆಸರು, ಊರು ಬರೆದುಕೊಳ್ಳಲಿಲ್ಲ, ಫೋಟೋ ತೆಗೆಯಲಿಲ್ಲ. ಫೋಟೋ ತೆಗೆದು "ಇಂದು ತಿಕೋಟಾದಲ್ಲಿ ಒಂದು ಆತ್ಮ" ಎಂದು ಗ್ರೂಪಿಗೆ ಹಾಕುವ ಚಾಳಿ ಕೆಲವರಿಗಿದೆ, ನನಗೆ ಅದು ಹೇಸಿಗೆ.

ಈ ಭಾಗದ ಜನಕ್ಕೆ ಕೇಳುವುದು ಹೊಸದೇನಲ್ಲ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ತೀರಿಕೊಳ್ಳುವವರೆಗೆ ನಸುಕಿನಲ್ಲೇ ಸಾವಿರಾರು ಜನರನ್ನು ಕೂರಿಸಿ ಪ್ರವಚನ ಹೇಳಿದವರು. ಕಿಸೆ ಇಲ್ಲದ ಬಿಳಿ ಅಂಗಿ, ಏರದ ದನಿ, ಯಾರನ್ನೂ ಹಳಿಯದ ಮಾತು. ನಾನೂ ಹಿಂದೆ ಕುಳಿತು ಕೇಳಿದ್ದೇನೆ. ನಮ್ಮ ಕೆಲವು ಬೋಧಕರು ಮೈಕ್ ಹಿಡಿದು ಕೂಗುವುದನ್ನು ಕೇಳಿದಾಗ, ಇವರನ್ನು ಒಂದು ತಿಂಗಳು ಆ ಸ್ವಾಮಿಗಳ ಜ್ಞಾನಯೋಗಾಶ್ರಮಕ್ಕೆ ಕಳಿಸಬೇಕು ಅನ್ನಿಸುತ್ತದೆ. ಬೇರೆಯವರ ದೇವರನ್ನು ಬೈದು ತನ್ನ ದೇವರನ್ನು ಎತ್ತಿ ಹಿಡಿಯುವವನಿಗೆ ಹೇಳಲು ಸ್ವಂತದ್ದೇನೂ ಇಲ್ಲ ಎಂದೇ ನನ್ನ ತಿಳಿವಳಿಕೆ. ವಿಜಯಪುರದಲ್ಲೇ ವಕೀಲರಾಗಿದ್ದ ಫ.ಗು. ಹಳಕಟ್ಟಿ ವಚನಗಳನ್ನು ಕೂಡಿಸಿ ಅಚ್ಚಿಗೆ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದಾಗ ಅವರು ಹಸ್ತಪ್ರತಿ ಹಿಂತಿರುಗಿಸಿದರು ಎಂದು ಇಲ್ಲಿ ಹಲವರು ಹೇಳುತ್ತಾರೆ. 'ವಚನಶಾಸ್ತ್ರಸಾರ' 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು, ಆಮೇಲೆ ಹಳಕಟ್ಟಿಯವರು ಬಿಜಾಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. ನಮ್ಮವರ ಕರಪತ್ರಗಳು ರದ್ದಿಗೆ ಹೋದವು, ವಚನಗಳು ಮನೆಮನೆಗೆ ಹೋದವು.

ಈಗ ಬೀದಿಗಿಂತ ಹೆಚ್ಚು ಕೆಲಸ ಫೋನಿನಲ್ಲಿ ನಡೆಯುತ್ತಿದೆ. ರೀತಿ ಸರಳ. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ "ಮನಸ್ಸಿಗೆ ಸಮಾಧಾನ ಇಲ್ಲವೇ?" ಎಂಬ ಜಾಹೀರಾತು ಹಾಕುತ್ತಾರೆ. ಯಾವ ಊರಿನ, ಯಾವ ವಯಸ್ಸಿನ, ಯಾವ ಭಾಷೆಯವರಿಗೆ ಕಾಣಬೇಕು ಎಂಬುದನ್ನು ದುಡ್ಡು ಕೊಟ್ಟವರು ಆರಿಸಬಹುದು. ಒತ್ತಿದವರು ನೇರ ವಾಟ್ಸ್ಯಾಪಿಗೆ ಬರುತ್ತಾರೆ, ಈ ಕಡೆ ಕುಳಿತ ಸ್ವಯಂಸೇವಕರು ಉತ್ತರ ಕೊಡುತ್ತಾರೆ. ಎಷ್ಟೋ ಕಡೆ ಉತ್ತರ ಮೊದಲೇ ಬರೆದಿಟ್ಟದ್ದು. ಯೂಟ್ಯೂಬಿನಲ್ಲಿ ರಾತ್ರಿ ಪ್ರಾರ್ಥನೆಯ ನೇರ ಪ್ರಸಾರ, ಕೆಳಗೆ ಓಡುವ ಫೋನ್ ನಂಬರು. 2008ರಲ್ಲಿ ಶುರುವಾದ ಯೂವರ್ಷನ್ ಆ್ಯಪಿನಲ್ಲಿ ಕನ್ನಡ ಸತ್ಯವೇದ ಬಿಟ್ಟಿ ಸಿಗುತ್ತದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು 1831ಕ್ಕೆ ಪೂರ್ತಿ ಮಾಡಿದ ಕನ್ನಡ ಬೈಬಲನ್ನು ಹೊರಲು ಗಟ್ಟಿ ತೋಳು ಬೇಕಿತ್ತು.

ಇದರಿಂದ ಒಳ್ಳೆಯದೂ ಆಗಿದೆ. ಮನೆ ಹೊಸ್ತಿಲು ದಾಟದ ಸೊಸೆ ಕೇಳಬೇಕಾದ್ದನ್ನು ಕೇಳುತ್ತಾಳೆ. ಗೋವಾಕ್ಕೆ ಗುಳೆ ಹೋದವರು ಅಲ್ಲಿ ಚರ್ಚಿನಲ್ಲಿ ಕಂಡದ್ದರ ಅರ್ಥ ಕೇಳುತ್ತಾರೆ. ವಾದಕ್ಕೆ ಬರುವವರೂ ಇದ್ದಾರೆ, ಅವರ ಜೊತೆ ಮಾತಾಡುವುದು ನನಗೆ ಖುಷಿ. ಆದರೆ ನನ್ನ ಅಳತೆ ಇಲ್ಲಿ ಅಲುಗಾಡುತ್ತದೆ. ಸಂತೆಯಲ್ಲಿ ಮುಖ ನೋಡಿದರೆ ಸಾಕೋ ಬೇಕೋ ತಿಳಿಯುತ್ತದೆ. ಫೋನಿನಲ್ಲಿ ಸುಮ್ಮನಾದವರಿಗೆ ಮತ್ತೆ ಮತ್ತೆ ಸಂದೇಶ ಕಳಿಸುವುದನ್ನೇ ಕೆಲವರು ಶ್ರದ್ಧೆ ಎಂದುಕೊಂಡಿದ್ದಾರೆ. ನಾನು ಮೊದಲ ಸಂದೇಶದಲ್ಲೇ ನನ್ನ ಹೆಸರು, ನನ್ನ ಸಭೆ, ವಿಷಯ ಇಂಥದ್ದು ಎಂದು ಬರೆಯುತ್ತೇನೆ. ಉತ್ತರ ಬರದಿದ್ದರೆ ಎರಡನೆಯದು ಇಲ್ಲ. ಹದಿನೆಂಟು ತುಂಬದವರು ಎಂದು ತಿಳಿದರೆ ಮಾತು ಅಲ್ಲಿಗೆ ಮುಗಿಯಿತು. ಕ್ಯಾನ್ಸರ್ ವಾಸಿಯಾಯಿತು, ಮಾತ್ರೆ ಬಿಟ್ಟೆ ಎಂಬ ವಿಡಿಯೋಗಳನ್ನು ಮುಂದಕ್ಕೆ ಕಳಿಸುವುದಿಲ್ಲ. ಸಕ್ಕರೆ ಕಾಯಿಲೆಯವರು ಇಂಥದ್ದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಹೊಣೆ ಯಾರದ್ದು?

ಕಾನೂನು ಏನು ಹೇಳುತ್ತದೆ ಎಂದು ಸಾರುವವರೂ ವಿರೋಧಿಸುವವರೂ ನನ್ನನ್ನು ಕೇಳುತ್ತಾರೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಪ್ರಚಾರದ ಮಾತು ಇರಬೇಕೋ ಬೇಡವೋ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಜೋರು ಚರ್ಚೆ ನಡೆಯಿತು. ಲೋಕನಾಥ ಮಿಶ್ರಾ ವಿರೋಧಿಸಿದರು, ಕೆ.ಎಂ. ಮುನ್ಶಿ, ಟಿ.ಟಿ. ಕೃಷ್ಣಮಾಚಾರಿ ಇರಲಿ ಎಂದರು, ಉಳಿಯಿತು. 1977ರಲ್ಲಿ ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಪ್ರಕರಣದಲ್ಲಿ, ತನ್ನ ಧರ್ಮದ ತಿರುಳನ್ನು ತಿಳಿಸಬಹುದು, ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ಮತಾಂತರದ ಬಗ್ಗೆ ಕರ್ನಾಟಕದ 2022ರ ಕಾಯ್ದೆ ಆಮಿಷ ಎಂಬುದನ್ನು ಬಹಳ ಅಗಲ ಮಾಡಿತು: ಉಡುಗೊರೆ, ಹಣ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಬಿಟ್ಟಿ ಶಿಕ್ಷಣ, ಮದುವೆಯ ಮಾತು ಎಲ್ಲವೂ ಅದರೊಳಗೆ. ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕೆಂದಿತು, ತಪ್ಪು ಮಾಡಿಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಮತಾಂತರಿಸಿದವರ ಮೇಲೆಯೇ ಹಾಕಿತು. 2023ರ ಜೂನ್ 15ರಂದು ಆಗ ಹೊಸದಾಗಿ ಬಂದಿದ್ದ ಸರಕಾರದ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ನನ್ನ ತಕರಾರು ಆಮಿಷದ ಮೇಲಿನ ನಿಷೇಧಕ್ಕಲ್ಲ, ಮನಸ್ಸು ಬದಲಾದುದನ್ನು ಕಚೇರಿಯಲ್ಲಿ ಅರ್ಜಿ ಬರೆದು ಹೇಳಬೇಕೆಂಬುದಕ್ಕೆ, ಮತ್ತು ನೆಂಟರಿಂದ ಹಿಡಿದು ಜೊತೆಗೆ ಕೆಲಸ ಮಾಡುವವರವರೆಗೆ ಯಾರು ಬೇಕಾದರೂ ದೂರು ಕೊಡಬಹುದೆಂಬುದಕ್ಕೆ.

ಬಬಲೇಶ್ವರದ ಕಡೆಯ ಹುಡುಗನೊಬ್ಬ, ಇಪ್ಪತ್ತೆರಡರ ವಯಸ್ಸು, ದ್ರಾಕ್ಷಿ ತೋಟದವನು, ಕಳೆದ ವರ್ಷದಿಂದ ನನಗೆ ಸಂದೇಶ ಬರೆಯುತ್ತಾನೆ. ಒಂದು ದಿನ ದೀಕ್ಷಾಸ್ನಾನ ಎಲ್ಲಿ ಕೊಡುತ್ತಾರೆ ಎಂದು ಕೇಳಿದ. ಮೊದಲು ಒಂದು ಸುವಾರ್ತೆಯನ್ನಾದರೂ ಪೂರ್ತಿ ಓದು, ಅವ್ವನಿಗೆ ಹೇಳು ಎಂದೆ. "ಅವ್ವಗ ಹೇಳಾಕೇ ಬೇಕೇನ್ರಿ ಅಕ್ಕೋರ?" ಬೇಕು ಎಂದೆ. ನಾಲ್ಕು ದಿನ ಸದ್ದಿಲ್ಲ, ನಾನೂ ಕೆದಕಲಿಲ್ಲ. ಆಮೇಲೆ ಬರೆದ: ಹೇಳಿದನಂತೆ, ಅವ್ವ ಒಂದು ಹೊತ್ತು ಮಾತು ಬಿಟ್ಟು, ಮರುದಿನ "ಆ ಅಕ್ಕೋರ್ನ ಮನಿಗೆ ಕರಕೊಂಬಾ, ನಾನೂ ಎರಡ್ ಮಾತ್ ಕೇಳೂದೈತಿ" ಎಂದರಂತೆ. ಆಕೆ ಏನು ಕೇಳುತ್ತಾರೋ ಎಂದು ನನಗೆ ಅಳುಕಿದೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಅಕ್ಟೋಬರ್ ಚಾಟ್ನಿ ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಅದಾದ ಮೇಲೆ ಬರ್ರಿ ಎಂದಿದ್ದಾನೆ.