ಏಳದ ಗಣಕಯಂತ್ರವೂ ಎಂಟು ಕಾಲಿನ ಚಿಪ್ಪೂ

ಗಣಕಯಂತ್ರವಿಲ್ಲದ ಕಚೇರಿ ಇಂದು ವಿರಳ. ಹೋಟೆಲಿನ ಗಲ್ಲಾದ ಮೇಲೂ ಅದು ಬಂದು ಕುಳಿತಿದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಚೆನ್ನೈಯ ರಿಚ್ಚಿ ಬೀದಿಯಲ್ಲೋ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡು ಮನೆಗೆ ತರುವವರೂ ನಮ್ಮಲ್ಲಿದ್ದಾರೆ. ಅಂಥ ಯಂತ್ರದ ಗುಂಡಿ ಒತ್ತಿದಾಗ ಫ್ಯಾನು ಮಾತ್ರ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ, ಮದರ್‌ಬೋರ್ಡನ್ನೇ ಬದಲಿಸಬೇಕೆಂಬ ತೀರ್ಪು ಬರುವುದುಂಟು. ಸಂಬಳವನ್ನೇ ನಂಬಿದ ಸಂಸಾರಕ್ಕೆ ಇದು ಸಣ್ಣ ಹೊರೆಯಲ್ಲ. ಆದುದರಿಂದ ಕೆಟ್ಟಿರುವುದು ಬೋರ್ಡೋ, ಅದರೊಳಗಿನ ಬರಹವೋ ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತ.

ಯಂತ್ರವು ಎಚ್ಚರಗೊಳ್ಳುವಾಗ ಮೊತ್ತಮೊದಲು ಓದುವ ಆದೇಶಗಳಿಗೆ ಬಯೋಸ್ ಎಂದು ಹೆಸರು. ಅವು ಸಾಮಾನ್ಯವಾಗಿ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿನಲ್ಲಿ ಇರುತ್ತವೆ. ಈ ಬಗೆಯ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು ೧೯೮೪ರಲ್ಲಿ ಜಗತ್ತಿನ ಮುಂದಿಟ್ಟರು. ಬಯೋಸನ್ನು ಹೊಸದಾಗಿಸುತ್ತಿರುವಾಗ ವಿದ್ಯುತ್ತು ಹೋದರೆ ಬರಹವು ಅರ್ಧಕ್ಕೆ ನಿಂತು ಯಂತ್ರ ಏಳಲಾರದೆ ಹೋಗಬಹುದು. ಆಗ ಚಿಪ್ಪನ್ನು ಬಿಚ್ಚದೆಯೇ, ಎಂಟು ಹಲ್ಲಿನ ಕ್ಲಿಪ್ಪನ್ನು ಅದಕ್ಕೆ ಕಚ್ಚಿಸಿ ಹೊರಗಿನಿಂದ ಪುನಃ ಬರೆಯಬಹುದು. ೨೦೨೧ರಲ್ಲಿ ನಾಲ್ಕು ಡಾಲರ್ ಬೆಲೆಗೆ ಹೊರಬಂದ ರಾಸ್ಪ್‌ಬೆರಿ ಪೈ ಪೈಕೋ ಎಂಬ ಪುಟ್ಟ ಫಲಕಕ್ಕೆ ತಕ್ಕ ತಂತ್ರಾಂಶ ತುಂಬಿ, ಇನ್ನೊಂದು ಕಂಪ್ಯೂಟರಿನಲ್ಲಿ ಫ್ಲ್ಯಾಶ್‌ರೋಮ್ ಎಂಬ ಉಚಿತ ತಂತ್ರಾಂಶವನ್ನು ನಡೆಸಿದರೆ ಈ ಕೆಲಸ ಸಾಗುತ್ತದೆ.

ಆದರೆ ಮೊದಲ ಯತ್ನದಲ್ಲಿ "ಚಿಪ್ ಸಿಗಲಿಲ್ಲ" ಎಂಬ ಉತ್ತರವೇ ಬರುವುದು ಹೆಚ್ಚು. ಇದರಿಂದ ಚಿಪ್ ಸತ್ತಿದೆಯೆಂದು ತಿಳಿಯತಕ್ಕದ್ದಲ್ಲ. ಬೋರ್ಡಿನ ಮೇಲಿರುವ ಚಿಪ್ ಕೂಡುಕುಟುಂಬದ ಸದಸ್ಯನಿದ್ದಂತೆ. ಅದಕ್ಕೆಂದು ಕಳುಹಿಸಿದ ವಿದ್ಯುತ್ತನ್ನು ನೆರೆಯ ಭಾಗಗಳೂ ಹಂಚಿಕೊಳ್ಳುತ್ತವೆ. ಅದನ್ನು ಕೇಳಿದ ಪ್ರಶ್ನೆಯ ನಡುವೆ, ಆ ವಿದ್ಯುತ್ತಿನಿಂದ ಅರೆಎಚ್ಚರಗೊಂಡ ಇನ್ನೊಂದು ಚಿಪ್ ಬಾಯಿ ಹಾಕುತ್ತದೆ.

ಮೊದಲು ನೋಡಬೇಕಾದುದು ವೋಲ್ಟೇಜು. ಯಂತ್ರದ ಚಾರ್ಜರನ್ನೂ ಬ್ಯಾಟರಿಯನ್ನೂ ತೆಗೆದಿರಬೇಕು. ಚಿಪ್ಪಿನ ಮೇಲಿನ ಸಂಖ್ಯೆಯನ್ನು ಭೂತಗನ್ನಡಿಯಿಂದ ಓದಬೇಕು. ವಿನ್‌ಬಾಂಡ್ ಸಂಸ್ಥೆಯ ಡಬ್ಲ್ಯು೨೫ಕ್ಯು೬೪ಎಫ್‌ವಿ ಚಿಪ್ಪಿಗೆ ೨.೭ರಿಂದ ೩.೬ ವೋಲ್ಟ್ ಬೇಕು. ಕೊನೆಯಲ್ಲಿ ಎಫ್‌ಡಬ್ಲ್ಯು ಎಂದಿರುವ ಅದರ ಸೋದರನಿಗೆ ೧.೮ ವೋಲ್ಟ್ ಮಾತ್ರ. ಒಂದಕ್ಷರದ ಅಂತರ ಚಿಪ್ಪಿನ ಪ್ರಾಣವನ್ನೇ ತೆಗೆದೀತು. ಪೈಕೋ ಫಲಕದ ೩೬ನೆಯ ಕಾಲು ೩.೩ ವೋಲ್ಟ್ ಕೊಡುತ್ತದೆ. ೪೦ನೆಯದರಲ್ಲಿ ಬರುವುದು ೫ ವೋಲ್ಟ್. ಎರಡನೆಯದನ್ನು ಮುಟ್ಟಲಾಗದು. ಆರ್ಡುಯಿನೊ ಉನೊ ಫಲಕದ ಸಂಕೇತಗಳೂ ೫ ವೋಲ್ಟಿನವೇ. ಅದನ್ನು ನೇರವಾಗಿ ಜೋಡಿಸಬಾರದು.

ಬಳಿಕ ಚಿಪ್ಪಿನ ಗುರುತು ಕೇಳಬೇಕು. ಮೇಲೆ ಹೇಳಿದ ಎಫ್‌ವಿ ಚಿಪ್ "ಇಎಫ್ ೪೦ ೧೭" ಎಂದು ಉತ್ತರಿಸುತ್ತದೆ. ಬರೀ ಎಫ್‌ಎಫ್ ಅಥವಾ ಬರೀ ಸೊನ್ನೆ ಬಂದರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ, ತಿರುಗುಮುರುಗಾಗಿದೆ ಅಥವಾ ಚಿಪ್ಪಿಗೆ ವಿದ್ಯುತ್ತು ಸಾಲದು. ಚಿಪ್ಪಿನ ಮೂಲೆಯ ಚುಕ್ಕೆಯೇ ಒಂದನೆಯ ಕಾಲಿನ ಗುರುತು. ಎಂಟನೆಯ ಕಾಲಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆದಾಗ ೨.೭ಕ್ಕಿಂತ ಕೆಳಗಿದ್ದರೆ ನೆರೆಯವರು ವಿದ್ಯುತ್ತನ್ನು ಕುಡಿಯುತ್ತಿದ್ದಾರೆಂದು ತಿಳಿಯಬೇಕು. ಪೈಕೋವಿನಿಂದ ೩೦೦ ಮಿಲಿಆಂಪಿಯರಿಗಿಂತ ಹೆಚ್ಚು ಸೆಳೆಯುವುದು ಉಚಿತವಲ್ಲ. ಆಗ ೩.೩ ವೋಲ್ಟಿನ ಬೇರೊಂದು ಮೂಲದಿಂದ ಮಾತ್ರ ವಿದ್ಯುತ್ತು ಕೊಟ್ಟು, ಎರಡರ ಭೂತಂತಿಗಳನ್ನು ಕೂಡಿಸಬೇಕು.

ಗುರುತು ಒಮ್ಮೆ ಸರಿ, ಒಮ್ಮೆ ತಪ್ಪು ಬರುತ್ತಿದ್ದರೆ ತಂತಿಗಳ ದೋಷವಿರಬಹುದು. ಅವು ಗೇಣುದ್ದ ಮೀರದಿರಲಿ. ವೇಗವನ್ನು ಒಂದು ಮೆಗಾಹರ್ಟ್ಸಿಗೆ ಇಳಿಸಿ ನೋಡಬೇಕು. ಮೂರನೆಯ ಕಾಲು ಬರೆಯುವುದನ್ನು ತಡೆಯುವಂಥದು, ಏಳನೆಯದು ಚಿಪ್ಪನ್ನು ಮೌನವಾಗಿಸುವಂಥದು. ಎರಡನ್ನೂ ಚಿಪ್ಪಿನ ವಿದ್ಯುತ್ತಿಗೇ ಸೇರಿಸಿಡುವುದು ಕ್ಷೇಮ. ಇಷ್ಟಾದರೂ ಫಲಿಸದಿದ್ದರೆ ಚಿಪ್ಪನ್ನು ಬಿಚ್ಚಿಸುವುದೊಂದೇ ದಾರಿ. ಅದು ನುರಿತವರ ಕೈಕೆಲಸ.

ಗುರುತು ಸರಿಯಾಗಿ ಬಂದೊಡನೆ ಬರೆಯಲು ಹೊರಡುವುದೇ ದೊಡ್ಡ ಅಪಾಯ. ಆ ಚಿಪ್ಪಿನಲ್ಲಿ ಬಯೋಸ್ ಮಾತ್ರವಲ್ಲ, ಆ ಒಂದು ಯಂತ್ರಕ್ಕೇ ಸೇರಿದ ಕ್ರಮಾಂಕವೂ, ೨೦೧೨ರ ವಿಂಡೋಸ್ ೮ರ ಅನಂತರದ ಅನೇಕ ಯಂತ್ರಗಳಲ್ಲಿ ವಿಂಡೋಸಿನ ಪರವಾನಗಿಯ ಕೀಲಿಯೂ ಇರುತ್ತವೆ. ಬೇರೆ ಯಂತ್ರದಿಂದ ತಂದ ಕಡತದಲ್ಲಿ ಇವು ದೊರೆಯವು. ಆದುದರಿಂದ ಹಾಳಾದ ಬರಹವನ್ನೇ ಎರಡು ಬಾರಿ ಓದಿಸಿ, ಪ್ರತಿಗಳೆರಡನ್ನೂ ತಾಳೆ ನೋಡಬೇಕು. ಎರಡೂ ಬರೀ ಎಫ್‌ಎಫ್ ಆಗಿದ್ದರೂ ತಾಳೆಯಾಗುತ್ತವೆಂಬುದನ್ನು ಮರೆಯಬಾರದು. ಒಳಗೆ ನಿಜವಾದ ಬರಹವಿದೆಯೇ ಎಂದು ತೆರೆದು ನೋಡತಕ್ಕದ್ದು. ಆ ಪ್ರತಿಯನ್ನು ಜೋಪಾನವಾಗಿ ತೆಗೆದಿಡಬೇಕು.

ಬರೆಯುವ ಕಡತದ ಗಾತ್ರ ಚಿಪ್ಪಿನ ಗಾತ್ರಕ್ಕೆ ಸಮನಾಗಿರಬೇಕು. ಮೇಲಿನ ಚಿಪ್ಪಿಗೆ ೮೩,೮೮,೬೦೮ ಬೈಟ್. ಹಳೆಯ ಪ್ರತಿಯ ಕ್ರಮಾಂಕಾದಿಗಳನ್ನು ಹೊಸ ಕಡತಕ್ಕೆ ಸೇರಿಸುವುದನ್ನು ಬಲ್ಲವರಿಂದ ಮಾಡಿಸಬೇಕು. ಬರೆದಾದ ಮೇಲೆ ಫ್ಲ್ಯಾಶ್‌ರೋಮ್ ತಾನೇ ಓದಿ ಸರಿಯೆಂದು ಹೇಳುವವರೆಗೆ ಕ್ಲಿಪ್ಪನ್ನು ತೆಗೆಯಲಾಗದು. ರಾತ್ರಿ ಗಲ್ಲಾ ಮುಚ್ಚುವ ಮುನ್ನ ಲೆಕ್ಕವನ್ನು ಎರಡು ಸಲ ಕೂಡಿ ನೋಡುವ ನಮ್ಮ ವಾಚಕರಿಗೆ ಈ ಎಚ್ಚರ ಹೊಸದೇನೂ ಅಲ್ಲ. ಅಳೆದು, ಓದಿ, ತಾಳೆ ನೋಡಿ, ಕಡೆಗೆ ಬರೆಯಬೇಕು.