ಪುಕ್ಕಟೆ ಅಂತರ್ಜಾಲಕ್ಕೆ ಬಿದ್ದ ತಡೆ

ಪುಕ್ಕಟೆ ದೊರೆಯುವುದನ್ನು ತಡೆಯುವುದು ನ್ಯಾಯವೆ? 2016ರಲ್ಲಿ ಎದ್ದ ಪ್ರಶ್ನೆಯಿದು. ಫೇಸ್‌ಬುಕ್ ಸಂಸ್ಥೆಯ ‘ಫ್ರೀ ಬೇಸಿಕ್ಸ್’, ರಿಲಯನ್ಸ್ ಕಮ್ಯುನಿಕೇಷನ್ಸ್ ಚಂದಾದಾರರಿಗೆ ಆಯ್ದ ಕೆಲವು ಜಾಲತಾಣಗಳನ್ನಷ್ಟೆ ಉಚಿತವಾಗಿ ತೋರಿಸುತ್ತಿತ್ತು. ಫೆಬ್ರವರಿ 8ರಂದು ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ನೋಡುವ ವಿಷಯಕ್ಕೆ ತಕ್ಕಂತೆ ದರ ಬದಲಿಸಕೂಡದೆಂದು ವಿಧಿಸಿತು. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ. ಕೆಲವೇ ದಿನಗಳಲ್ಲಿ ಆ ಸೌಕರ್ಯ ನಿಂತಿತು.

ಬಳಕೆದಾರರಲ್ಲಿ ಒಮ್ಮತವಿರಲಿಲ್ಲ. ಒಂದೇ ನಿಲಯ ಹಿಡಿಯುವ ರೇಡಿಯೊವನ್ನು ಧರ್ಮಾರ್ಥ ಹಂಚಿದಂತೆಂದು ತಿಳಿಯಿರಿ: ಉಳಿದ ನಿಲಯಗಳನ್ನು ಕೇಳುವವರಾರು? ಸಮಾನತೆ ಬೇಕೆಂದು ಹಿಂದಿನ ವರ್ಷವೇ 10 ಲಕ್ಷಕ್ಕೂ ಮಿಕ್ಕಿ ಮಿಂಚಂಚೆಗಳು ಪ್ರಾಧಿಕಾರಕ್ಕೆ ಹೋಗಿದ್ದವು. ಆದರೆ ರೇಡಿಯೊವೇ ಇಲ್ಲದವನಿಗೆ ಒಂದು ನಿಲಯವೂ ಭಾಗ್ಯವೇ. ಈ ಮಾತನ್ನು ತಳ್ಳಿಹಾಕಲಾಗದು. ಮಿಂಚಂಚೆ ಬರೆದವರ ಕೈಯಲ್ಲಿ ಪೂರ್ಣ ಅಂತರ್ಜಾಲ ಆಗಲೇ ಇತ್ತಲ್ಲವೆ? ತುರ್ತು ಸಂದರ್ಭದ ಸೇವೆಗಳಿಗೆ ದರ ಇಳಿಸಲು ನಿಯಮ ಅವಕಾಶವಿತ್ತಿತು.