ಗುತ್ತಿಗೆಯ ಕಾಗದದಲ್ಲಿ ಒಂದು ಪೇಟೆ

ಅಂಗಡಿಯೆಂಬ ಮಾತು ನಮ್ಮ ಊರುಗಳ ಹೆಸರಿನಲ್ಲಿಯೇ ಬೆರೆತುಹೋಗಿದೆ. ಬೆಳ್ತಂಗಡಿ, ಉಪ್ಪಿನಂಗಡಿ ಎನ್ನುವಾಗ ಮೊದಲು ಹುಟ್ಟಿದ್ದು ಊರೋ ಅಂಗಡಿಯೋ ಎಂದು ಕೇಳಬೇಕೆನಿಸುತ್ತದೆ. ಪುರವರ್ಣನೆಗೆ ಕೈಹಾಕಿದ ಹಳಗನ್ನಡದ ಕವಿ ಅಂಗಡಿಬೀದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗುವುದು ಅಪೂರ್ವವೇ. ನಮ್ಮ ಸಂತೆಯನ್ನು ನೋಡಿ: ವೀಳ್ಯದೆಲೆಯವರು ಒಂದು ಸಾಲು, ಮಡಕೆ ಮಾರುವವರು ಇನ್ನೊಂದು ಸಾಲು, ದನಕರುಗಳಿಗೆ ಆಚೆಯ ಬಯಲು. ಯಾರು ಎಲ್ಲಿ ಕೂರಬೇಕೆಂಬುದನ್ನು ರೂಢಿ ಗೊತ್ತುಮಾಡಿರುತ್ತದೆ. ಸುಂಕ ಕಟ್ಟಿದವನನ್ನು ಮತ್ತೆ ಕೇಳುವವರಿಲ್ಲ. ಈ ಕೆಲಸವನ್ನು ರೂಢಿಯ ಕೈಯಿಂದ ತೆಗೆದು ಒಬ್ಬ ಮನುಷ್ಯನ ಮೇಜಿನ ಮೇಲಿಟ್ಟರೆ ಏನಾದೀತು? ಅಮೆರಿಕದಲ್ಲಿ ಕಳೆದ ಶತಮಾನದ ನಡುವೆ ಅದೊಂದು ವೃತ್ತಿಯಾಗಿಯೇ ಬೆಳೆಯಿತು. ಆ ವೃತ್ತಿಯ ಏಳುಬೀಳುಗಳೆಲ್ಲ ಜೇಮ್ಸ್ ರೌಸ್ ಎಂಬಾತನ ಬಾಳಿನಲ್ಲಿ ಕಾಣಸಿಗುತ್ತವೆ.

ರೌಸ್ ಹುಟ್ಟಿದ್ದು 1914ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಈಸ್ಟನ್ ಎಂಬ ಸಣ್ಣ ಊರಿನಲ್ಲಿ. 1930ರಲ್ಲಿ, ಒಂದೇ ವರ್ಷದೊಳಗೆ, ತಾಯಿಯೂ ತಂದೆಯೂ ತೀರಿಕೊಂಡರು. ಸಾಲಕ್ಕೆ ಒತ್ತೆಯಿದ್ದ ಮನೆಯೂ ಬ್ಯಾಂಕಿನ ಪಾಲಾಯಿತು. ಹುಡುಗ ಬಾಲ್ಟಿಮೋರ್ ನಗರಕ್ಕೆ ಬಂದು ಹಗಲು ಗ್ಯಾರೇಜೊಂದರಲ್ಲಿ ಗಿರಾಕಿಗಳ ಕಾರು ನಿಲ್ಲಿಸುತ್ತ, ರಾತ್ರಿ ಕಾನೂನು ಓದಿ, 1937ರಲ್ಲಿ ಪದವಿ ಪಡೆದನು. 1939ರಲ್ಲಿ ಪಾಲುದಾರನೊಬ್ಬನೊಡನೆ ಸೇರಿ ತೆರೆದದ್ದು ಅಡಮಾನದ ಸಾಲ ಕೊಡಿಸುವ ಕಚೇರಿಯನ್ನು. ಅಡಮಾನದಿಂದಲೇ ಮನೆ ಕಳೆದುಕೊಂಡವನು ಅದನ್ನೇ ಜೀವನೋಪಾಯವಾಗಿ ಹಿಡಿದದ್ದು ಕಾದಂಬರಿಕಾರ ಕಟ್ಟಿದ ಸಂಗತಿಯಂತೆ ತೋರಬಹುದು, ಇದು ನಡೆದದ್ದೇ.

ಯುದ್ಧದ ನಂತರ ಅಮೆರಿಕದ ಮಧ್ಯಮವರ್ಗ ಕಾರು ಕೊಂಡು ನಗರಗಳನ್ನು ಬಿಟ್ಟು ಹೊರವಲಯಗಳಿಗೆ ಹೊರಟಿತು. ಅಂಗಡಿಗಳು ಅದರ ಬೆನ್ನುಹತ್ತಿದವು. 1958ರಲ್ಲಿ ಬಾಲ್ಟಿಮೋರಿನ ಹೊರಗೆ ರೌಸ್ ಕಟ್ಟಿದ ಹರುಂಡೇಲ್ ಮಾಲ್, ಒಂದೇ ಸೂರಿನಡಿ ಅನೇಕ ಅಂಗಡಿಗಳನ್ನು ಕೂಡಿಸಿದ ಮಾಳಿಗೆಗಳಲ್ಲಿ ಆ ದೇಶದ ಪೂರ್ವ ತೀರಕ್ಕೆ ಮೊದಲನೆಯದು. 1961ರಲ್ಲಿ ನ್ಯೂಜೆರ್ಸಿಯ ಚೆರ್ರಿ ಹಿಲ್ ಮಾಲ್ ಬಂದಿತು.

ಇಲ್ಲಿ ಸ್ವಲ್ಪ ನಿಂತು ವೃತ್ತಿಯ ಒಳಗುಟ್ಟನ್ನು ನೋಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಮಾಲಿನಲ್ಲಿ ಗೋಡೆ ಕಟ್ಟುವುದು ಹಗುರದ ಕೆಲಸ. ಯಾರ ಪಕ್ಕದಲ್ಲಿ ಯಾರನ್ನು ಕೂರಿಸಬೇಕೆಂಬುದೇ ಕಷ್ಟದ ಕೆಲಸ. ಎರಡು ತುದಿಗಳಲ್ಲಿ ಎರಡು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳು; ಒಂದರಿಂದ ಇನ್ನೊಂದಕ್ಕೆ ನಡೆಯುವ ಜನರ ಕಣ್ಣು ನಡುವಣ ಸಣ್ಣ ಅಂಗಡಿಗಳ ಮೇಲೆ ಬೀಳಬೇಕು. ಜನರನ್ನು ಸೆಳೆದು ತರುವ ದೊಡ್ಡವರು ಕೊಡುವ ಬಾಡಿಗೆ ಅತ್ಯಲ್ಪ. ಆ ಜನರಿಂದ ಬದುಕುವ ಚಿಕ್ಕವರದೇ ಹೆಚ್ಚು. ಲೋಕದ ಬೇರೆ ವ್ಯವಹಾರಗಳಲ್ಲಿಯೂ ಈ ನ್ಯಾಯ ಕಾಣದ್ದೇನಲ್ಲ.

ಗುತ್ತಿಗೆಯ ಕಾಗದವಂತೂ ಒಂದು ಧರ್ಮಶಾಸ್ತ್ರ. ನೀನು ಮಾರುವುದಾಗಿ ಬರೆದುಕೊಟ್ಟ ಸರಕನ್ನಲ್ಲದೆ ಬೇರೆಯದನ್ನು ಮಾರಬಾರದು. ಮಾಲ್ ತೆರೆದಿರುವಷ್ಟು ಹೊತ್ತೂ ನಿನ್ನ ಬಾಗಿಲು ತೆರೆದಿರಬೇಕು. ಇಷ್ಟು ಮೈಲಿಯೊಳಗೆ ಇನ್ನೊಂದು ಅಂಗಡಿ ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಬಾಡಿಗೆಯ ಲೆಕ್ಕ. ವರ್ತಕನು ಒಂದು ಕನಿಷ್ಠ ಬಾಡಿಗೆಯನ್ನು ಕೊಡುತ್ತಾನೆ. ವ್ಯಾಪಾರ ಒಂದು ಮಟ್ಟ ದಾಟಿದರೆ ಹೆಚ್ಚಿನ ವ್ಯಾಪಾರದಲ್ಲಿ ನೂರಕ್ಕೆ ಇಷ್ಟೆಂದು ಪಾಲನ್ನೂ ಕೊಡುತ್ತಾನೆ. ವರ್ಷಕ್ಕೆ 12,000 ಡಾಲರು ಬಾಡಿಗೆ, ಪಾಲು ನೂರಕ್ಕೆ 6 ಎಂದಿಟ್ಟುಕೊಳ್ಳಿ. ಎರಡು ಲಕ್ಷ ಡಾಲರಿನ ವ್ಯಾಪಾರದವರೆಗೆ ಬೇರೇನೂ ಕೊಡಬೇಕಿಲ್ಲ. ಮೂರು ಲಕ್ಷವಾದರೆ ಮೇಲಿನ ಒಂದು ಲಕ್ಷಕ್ಕೆ 6,000 ಸೇರಿ ಒಟ್ಟು 18,000 ಆಗುತ್ತದೆ. ಮೇಲುನೋಟಕ್ಕೆ ಇದು ನಮ್ಮ ವಾರದ ಬೇಸಾಯದ ಹಾಗೆ, ಬೆಳೆಯಲ್ಲಿ ಪಾಲು. ಬಾಡಿಗೆಯವನು ಗೆದ್ದರೆ ಒಡೆಯನೂ ಗೆಲ್ಲುತ್ತಾನೆ. ಆದ್ದರಿಂದ ಅಂಗಡಿ ತುಂಬಿರುವಂತೆ ನೋಡಿಕೊಳ್ಳುವುದು ಒಡೆಯನಿಗೂ ಹಿತ. ಈ ಲೆಕ್ಕದಲ್ಲಿ ಒಂದು ಮುಳ್ಳೂ ಇದೆ. ಅದು ಚುಚ್ಚುವುದು ತಡವಾಗಿ.

ಹೊರವಲಯದ ಮಾಲುಗಳು ಏಳುತ್ತಿದ್ದ ಹಾಗೆ ಹಳೆಯ ನಗರಗಳ ನಡುಭಾಗ ಬರಿದಾಗತೊಡಗಿತು. ರೌಸನ ಕೈಯೂ ಅದರಲ್ಲಿತ್ತು. ಆದರೆ ಆತನಿಗೆ ನಗರವನ್ನು ಕುರಿತು ನಿಜವಾದ ಹಂಬಲವಿತ್ತೆಂಬುದನ್ನು ನಿರಾಕರಿಸಲಾಗದು. ಮೇರಿಲ್ಯಾಂಡಿನಲ್ಲಿ ಕೊಲಂಬಿಯಾ ಎಂಬ ಹೊಸ ಊರನ್ನೇ 1967ರಲ್ಲಿ ಸ್ಥಾಪಿಸಿದವನು. ಅದರ ವಿಚಾರ ಬೇರೊಂದು ಲೇಖನಕ್ಕಾಗುವಷ್ಟಿದೆ; ಇಲ್ಲಿ ಬಾಸ್ಟನ್ನಿಗೆ ಹೋಗೋಣ.

ಬಾಸ್ಟನ್ನಿನ ಬಂದರಿನ ಸಮೀಪ ಫೆನಿಯಲ್ ಸಭಾಭವನವಿದೆ. ಪೀಟರ್ ಫೆನಿಯಲ್ ಎಂಬ ವರ್ತಕ ಊರಿಗೆ ಕಟ್ಟಿಸಿಕೊಟ್ಟದ್ದು, 1742ರದು. ಅದರ ಹಿಂದೆ ಮೇಯರ್ ಜೊಸೈಯಾ ಕ್ವಿನ್ಸಿಯ ಕಾಲದಲ್ಲಿ ಎದ್ದ ಕಲ್ಲಿನ ಉದ್ದನೆಯ ಮಾರುಕಟ್ಟೆ, ಅದರ ಎರಡು ಮಗ್ಗುಲಲ್ಲಿ ಎರಡು ಉದ್ದ ಸಾಲುಕಟ್ಟಡಗಳು. ಮಾರುಕಟ್ಟೆ ತೆರೆದದ್ದು 1826ರ ಆಗಸ್ಟ್ 26ರಂದು. ನೂರೈವತ್ತು ವರ್ಷದ ಹತ್ತಿರ ಊರಿಗೆಲ್ಲ ಮಾಂಸ, ಚೀಸ್, ತರಕಾರಿಗಳನ್ನು ಒದಗಿಸಿದ ಈ ಜಾಗ 1960ರ ದಶಕಕ್ಕೆ ಪಾಳುಬೀಳುವ ಸ್ಥಿತಿಗೆ ಬಂದಿತ್ತು. ಸಗಟು ವ್ಯಾಪಾರಿಗಳು ಲಾರಿ ನಿಲ್ಲಲು ಜಾಗವಿರುವ ಕಡೆಗೆ ಹೊರಟುಹೋಗಿದ್ದರು.

ಇದನ್ನು ಕೆಡವದೆ ಬದುಕಿಸಬಹುದೆಂದು ಹಠ ಹಿಡಿದವರು ವಾಸ್ತುಶಿಲ್ಪಿ ಬೆಂಜಮಿನ್ ಥಾಂಪ್ಸನ್ ಮತ್ತು ಆತನ ಹೆಂಡತಿ ಜೇನ್. ಬೆಂಜಮಿನ್ ಸ್ವತಃ ಅಂಗಡಿ ಇಟ್ಟವನು. ಪಕ್ಕದ ಕೇಂಬ್ರಿಜ್‌ನಲ್ಲಿ 1953ರಲ್ಲಿಯೇ ಗೃಹೋಪಯೋಗಿ ವಸ್ತುಗಳ ಮಳಿಗೆ ತೆರೆದಿದ್ದನು. ಆದಕಾರಣ ಕಲ್ಲಿನ ಸೊಗಸಿನ ಜೊತೆಗೆ ಸರಕಿನ ಸೊಗಸೂ ಆತನಿಗೆ ತಿಳಿದಿತ್ತು. ಊರವರೇ ಊರವರಿಗೆ ತಿನಿಸು ಮಾರಬೇಕು, ದೇಶವೆಲ್ಲ ಒಂದೇ ಫಲಕ ಹಾಕುವ ಕಂಪನಿಗಳು ಬೇಡ ಎಂಬುದು ಆತನ ಕನಸು. ರೌಸ್ ಈ ಕನಸಿಗೆ ಹಣ ಹೊಂದಿಸಲು ಹೊರಟನು. ನಗರವು ಒಡೆತನವನ್ನು ತನ್ನಲ್ಲಿಯೇ ಉಳಿಸಿಕೊಂಡು 99 ವರ್ಷದ ಗುತ್ತಿಗೆ ಕೊಟ್ಟಿತು. ಆಸ್ತಿತೆರಿಗೆಗೆ ಬದಲು ಬಾಡಿಗೆಯ ಆದಾಯದಲ್ಲಿ ತಾನೂ ಪಾಲು ಕೇಳಿತು. ನಗರಸಭೆಯೇ ರೌಸನ ವಿದ್ಯೆಯನ್ನು ರೌಸನ ಮೇಲೆ ಪ್ರಯೋಗಿಸಿತೆನ್ನಬೇಕು. ಕಷ್ಟವಾದದ್ದು ಬ್ಯಾಂಕುಗಳೊಡನೆ. ನ್ಯೂಯಾರ್ಕಿನ ಚೇಸ್ ಮ್ಯಾನ್‌ಹಟನ್ ಅರ್ಧ ಸಾಲಕ್ಕೆ ಒಪ್ಪಿ, ಉಳಿದರ್ಧವನ್ನು ಬಾಸ್ಟನ್ನಿನವರೇ ಕೊಡಲಿ ಎಂದಿತು. ಸ್ವಂತ ಊರಿನ ಬ್ಯಾಂಕುಗಳು ಬಹಳ ಕಾಲ ಮೀನಮೇಷ ಎಣಿಸಿದವು. ಪೇಟೆಯ ನಡುವೆ, ಕಾರು ನಿಲ್ಲಿಸಲು ಜಾಗವಿಲ್ಲದ ಕಡೆ, ದೊಡ್ಡ ಅಂಗಡಿಯೊಂದೂ ಇಲ್ಲದೆ ಯಾರು ಬರುತ್ತಾರೆ?

ತೆರೆಯುವ ದಿನ ಹತ್ತಿರ ಬಂದರೂ ಮಳಿಗೆಗಳೆಲ್ಲ ಭರ್ತಿಯಾಗಲಿಲ್ಲ. ಖಾಲಿ ಬಾಗಿಲುಗಳನ್ನು ಮುಚ್ಚಿಕೊಳ್ಳಲು ಹೊಳೆದ ಉಪಾಯವೇ ತಳ್ಳುಗಾಡಿ. ಕುಶಲಕರ್ಮಿಗಳನ್ನು ಹುಡುಕಿ ಕರೆತಂದು, ಅಲ್ಪಾವಧಿಯ ಬಾಡಿಗೆಗೆ ಗಾಡಿ ಕೊಟ್ಟರು. ವರ್ಷಗಟ್ಟಲೆ ಗುತ್ತಿಗೆಗೆ ಸಹಿ ಹಾಕಲಾರದವನೂ ಕೈಯಲ್ಲಿದ್ದ ನಾಲ್ಕು ಸರಕಿನೊಡನೆ ಪೇಟೆಯೊಳಗೆ ಕಾಲಿಡಬಹುದಾಯಿತು. ನನ್ನನ್ನು ಕೇಳಿದರೆ ರೌಸನ ಸಾಧನೆಗಳಲ್ಲಿ ಇದಕ್ಕೆ ಮೊದಲ ಸ್ಥಾನ, ಯೋಜನೆಯಲ್ಲಿ ಇಲ್ಲದೆ ಇಕ್ಕಟ್ಟಿನಲ್ಲಿ ಹುಟ್ಟಿದ್ದಾದರೂ. ನಮ್ಮ ಬೀದಿಗಳಲ್ಲಿ ದಿನವೂ ಕಾಣುವ ಗಾಡಿಯನ್ನು ಅವರು ಹೊಸ ಶೋಧವೆಂಬಂತೆ ಕೊಂಡಾಡಿದ್ದನ್ನು ಓದಿ ನಗು ಬಂದರೆ ತಪ್ಪಿಲ್ಲ.

1976ರ ಆಗಸ್ಟ್ 26ರಂದು, ಹಳೆಯ ಮಾರುಕಟ್ಟೆಗೆ ಸರಿಯಾಗಿ 150 ವರ್ಷ ತುಂಬಿದ ದಿನ, ಬಾಗಿಲು ತೆರೆಯಿತು. ಮೊದಲ ವರ್ಷದಲ್ಲಿ ಬಂದವರು ಸುಮಾರು ಒಂದು ಕೋಟಿ ಜನ. ಬೇರೆ ನಗರಗಳ ಮೇಯರುಗಳು ನಮಗೂ ಇಂಥದೊಂದು ಬೇಕೆಂದರು. ಬಾಲ್ಟಿಮೋರಿನಲ್ಲಿ ಬಂದರಿನ ದಡದ ಬಯಲನ್ನು ಇದಕ್ಕೆ ಕೊಡಬಹುದೇ ಎಂದು 1978ರಲ್ಲಿ ಜನರ ಮತವನ್ನೇ ಕೇಳಿದರು, ಜನ ಒಪ್ಪಿದರು, 1980ರ ಜುಲೈ 2ರಂದು ಹಾರ್ಬರ್‌ಪ್ಲೇಸ್ ತೆರೆಯಿತು. ಮರುವರ್ಷ ಟೈಮ್ ಪತ್ರಿಕೆ ರೌಸನ ಚಿತ್ರವನ್ನು ಮುಖಪುಟಕ್ಕೆ ಹಾಕಿತು.

ಮುಳ್ಳಿನ ಮಾತು ಹೇಳಿದೆನಷ್ಟೆ. ಪಾಲು ಎಲ್ಲ ಸರಕಿಗೂ ಒಂದೇ ಅಲ್ಲ. ಮಾಂಸ, ಮೀನು, ತರಕಾರಿ ಮಾರುವವನಿಗೆ ಡಾಲರಿಗೆ ಉಳಿಯುವುದು ಬಿಡಿಕಾಸು; ನೂರಕ್ಕೆ 2ಕ್ಕಿಂತ ಹೆಚ್ಚು ಕೇಳಿದರೆ ಆತ ಎದ್ದುಹೋಗುತ್ತಾನೆ ಎಂದುಕೊಳ್ಳಿ. ಬಿಸ್ಕತ್ತು, ಮಿಠಾಯಿ, ನೆನಪಿನ ಕಾಣಿಕೆ ಮಾರುವವನು ಅದರ ಮೂರುನಾಲ್ಕು ಪಟ್ಟು ಕೊಟ್ಟೂ ಬದುಕಬಲ್ಲ. ಮೇಲಿನ 18,000 ಡಾಲರನ್ನೇ ನೂರಕ್ಕೆ 2ರ ಲೆಕ್ಕದಲ್ಲಿ ಹುಟ್ಟಿಸಬೇಕಾದರೆ ಮಾಂಸದವನು 9 ಲಕ್ಷದ ವ್ಯಾಪಾರ ಮಾಡಬೇಕು, ಅದೂ ಅಷ್ಟೇ ಅಗಲದ ಜಾಗದಲ್ಲಿ. ಆತನ ಗುತ್ತಿಗೆ ಮುಗಿದ ದಿನ ಒಡೆಯನ ಕಚೇರಿಯವನು ಏನು ಮಾಡುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದರಲ್ಲಿ ದ್ವೇಷವಿಲ್ಲ, ದುರಾಸೆಯೂ ಬಹಳವಿಲ್ಲ; ಆತ ಕಾಗದವನ್ನು ಓದುತ್ತಿದ್ದಾನೆ, ಅಷ್ಟೆ. ಹೀಗೆ ಕ್ವಿನ್ಸಿ ಮಾರುಕಟ್ಟೆಯಲ್ಲಿ ಅಡುಗೆಗೆ ಬೇಕಾದ ಹಸಿಸರಕು ಕಡಿಮೆಯಾಗುತ್ತ, ನಿಂತಲ್ಲೇ ತಿನ್ನುವ ತಿಂಡಿ ಹೆಚ್ಚುತ್ತ, ಥಾಂಪ್ಸನ್ನನಿಗೆ ಬೇಡವಾಗಿದ್ದ ಫಲಕಗಳು ಒಂದೊಂದಾಗಿ ಮೇಲೇರಿದವು. ಊರಿನ ಗೃಹಿಣಿ ಬುಟ್ಟಿ ಹಿಡಿದು ಬರುವುದು ನಿಂತು, ಪ್ರವಾಸಿ ಕ್ಯಾಮರಾ ಹಿಡಿದು ಬರುವುದು ಉಳಿಯಿತು. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿಯೇ ಊಟ ಬಡಿಸುತ್ತಿದ್ದ ಡರ್ಗಿನ್-ಪಾರ್ಕ್ ಎಂಬ ಭೋಜನಶಾಲೆ 2019ರ ಜನವರಿಯಲ್ಲಿ ಮುಚ್ಚಿತು.

ಇದಕ್ಕೆಲ್ಲ ರೌಸ್ ಒಬ್ಬನನ್ನೇ ಹೊಣೆ ಮಾಡಲು ನನಗೆ ಮನಸ್ಸಿಲ್ಲ. 1979ರಲ್ಲಿ ಆತ ಕಂಪನಿಯ ಆಡಳಿತದಿಂದ ನಿವೃತ್ತನಾಗಿ, 1982ರಲ್ಲಿ ಹೆಂಡತಿ ಪ್ಯಾಟಿಯೊಡನೆ ಬಡವರಿಗೆ ಮನೆ ಕಟ್ಟಿಸುವ ಎಂಟರ್‌ಪ್ರೈಸ್ ಫೌಂಡೇಶನ್ ಸ್ಥಾಪಿಸಿದನು. ಅದಕ್ಕೆ ಹಣ ಹೊಂದಿಸುವುದಕ್ಕೆಂದು ಇನ್ನಷ್ಟು ಪೇಟೆಗಳನ್ನು ಕಟ್ಟಿಸಿದ್ದೂ ಉಂಟು. ಅಂಗಡಿಯ ಲಾಭ ಬಡವನ ಸೂರಾಗಲಿ ಎಂಬ ಆಸೆ ದೊಡ್ಡದೇ. ಆದರೆ ಒಹಾಯೋ ರಾಜ್ಯದ ಟೊಲಿಡೋ ನಗರದಲ್ಲಿ 1984ರಲ್ಲಿ ತೆರೆದ ಪೇಟೆ 1990ರಲ್ಲಿ ಮುಚ್ಚಿಹೋಯಿತು. ಸುತ್ತಲಿನ ಕಚೇರಿಗಳಲ್ಲಿ, ಮನೆಗಳಲ್ಲಿ ಜನರಿದ್ದ ಬಾಸ್ಟನ್ನಿನಲ್ಲಿ ನಡೆದದ್ದು, ಕಾರ್ಖಾನೆಗಳು ಸೊರಗುತ್ತಿದ್ದ ಊರಿನಲ್ಲಿ ನಡೆಯಲಿಲ್ಲ. ಸಂತೆಯನ್ನು ಕಾಗದದ ಮೇಲೆ ಬರೆಯಬಹುದು. ಕೊಳ್ಳುವವನ ಸಂಬಳವನ್ನು ಬರೆಯಲಾಗದು.

ರೌಸ್ 1996ರಲ್ಲಿ ತೀರಿಕೊಂಡನು. ಕಂಪನಿಯನ್ನು 2004ರಲ್ಲಿ ಜನರಲ್ ಗ್ರೋತ್ ಪ್ರಾಪರ್ಟೀಸ್ ಕೊಂಡಿತು. ಆ ಸಂಸ್ಥೆಯೇ 2009ರಲ್ಲಿ ಸಾಲದ ಹೊರೆಯಿಂದ ದಿವಾಳಿ ಕಾನೂನಿನ ಮೊರೆಹೊಕ್ಕಿತು. ಹಾರ್ಬರ್‌ಪ್ಲೇಸ್ ಕೈಯಿಂದ ಕೈಗೆ ಹೋಗಿ, ಅಂಗಡಿಗಳು ಖಾಲಿಯಾಗಿ, 2019ರಲ್ಲಿ ನ್ಯಾಯಾಲಯ ನೇಮಿಸಿದ ರಿಸೀವರನ ವಶವಾಯಿತು. ಅದನ್ನು ಕೆಡವಿ, ಅದೇ ದಡದಲ್ಲಿ ಮನೆಗಳೂ ಕಚೇರಿಗಳೂ ಅಂಗಡಿಗಳೂ ಇರುವ ಎತ್ತರದ ಕಟ್ಟಡಗಳನ್ನು ನಿಲ್ಲಿಸುವ ಯೋಜನೆ ಬಂದಾಗ, ಬಾಲ್ಟಿಮೋರಿನವರ ಮತವನ್ನು ಮತ್ತೊಮ್ಮೆ ಕೇಳಬೇಕಾಯಿತು. ಬಂದರಿನ ದಡ ಎಲ್ಲರದು, ಅಲ್ಲಿ ಉಳ್ಳವರ ಮನೆ ಬೇಡವೆಂದು ವಿರೋಧಿಸಿದವರಿದ್ದರು. 2024ರ ನವೆಂಬರಿನಲ್ಲಿ ಎಣಿಕೆಯಾದಾಗ, 1978ರಲ್ಲಿ ಆದಂತೆಯೇ, ಒಪ್ಪಿದವರು ಹೆಚ್ಚಾಗಿದ್ದರು.